ಕತ್ತರಿಸಿದ ಚಿತ್ರದ ಹೊರಗಿದ್ದ ದಾರಿ

ಶಿಡ್ಲಘಟ್ಟದ ರಿಪೇರಿ ಅಂಗಡಿಗೆ ನಾನು ಒಯ್ದದ್ದು ಆರು ವರ್ಷದಿಂದ ಆನ್ ಆಗದ ಲ್ಯಾಪ್‌ಟಾಪ್. ಜೊತೆಗೆ ಬಂದವರು ಕೆಂಚಾರ್ಲಹಳ್ಳಿ ಕಡೆಯ ಒಂದು ಊರಿನ ಶಾಲಾ ಶಿಕ್ಷಕಿ. ಅವರ ಕೇರಿಯಿಂದ ಸ್ಮಶಾನಕ್ಕೆ ಹೋಗುವ ದಾರಿಗೆ ಪಕ್ಕದ ಜಮೀನಿನವರು ಬೇಲಿ ಹಾಕಿದ್ದರು. ಅಲ್ಲಿ ದಾರಿಯೇ ಇರಲಿಲ್ಲವೆಂದು ಜಮೀನಿನವರ ವಾದ. ಮರುದಿನ ಬೆಳಿಗ್ಗೆ ತಹಶೀಲ್ದಾರರು ಸ್ಥಳ ನೋಡಲು ಬರುವವರಿದ್ದರು.

ಎಂಟು ವರ್ಷದ ಹಿಂದೆ ಶಿಕ್ಷಕಿಯ ತಂದೆ ತೀರಿಕೊಂಡಾಗ ಶವಯಾತ್ರೆ ಅದೇ ದಾರಿಯಲ್ಲಿ ಹೋಗಿತ್ತು. ಅವರು ಪಂಚಾಯಿತಿ ಸದಸ್ಯರಾಗಿದ್ದವರು. ಪತ್ರಿಕೆಯ ಸುದ್ದಿಗೆಂದು ಫೋಟೊ ತೆಗೆದವನು ನಾನು. ದಾರಿಯ ಎರಡೂ ಬದಿಗೆ ನೆಟ್ಟಿದ್ದ ಚಪ್ಪಡಿ ಕಲ್ಲುಗಳು ಅದರಲ್ಲಿದ್ದವೆಂದು ನನ್ನ ನೆನಪು. ನೆನಪನ್ನು ಯಾವ ಅಧಿಕಾರಿಯೂ ಕಡತಕ್ಕೆ ಸೇರಿಸುವುದಿಲ್ಲ.

ಅಂಗಡಿ ನಡೆಸುತ್ತಿದ್ದಾಕೆ ಲ್ಯಾಪ್‌ಟಾಪ್ ಬಿಚ್ಚಿ ಹಾರ್ಡ್ ಡಿಸ್ಕ್ ತೆಗೆದು, ಒಂದು ಡಬ್ಬಿಗೆ ಹಾಕಿ ತಮ್ಮ ಕಂಪ್ಯೂಟರಿಗೆ ಜೋಡಿಸಿದರು. ಒಳಗಿನಿಂದ ಟಿಕ್ ಟಿಕ್ ಸದ್ದು. ನನ್ನ ಫೋಲ್ಡರ್ ಕಂಡಿತು. ಒತ್ತಿದರೆ, ತೆರೆಯಲು ನಿಮಗೆ ಅನುಮತಿ ಇಲ್ಲ ಎಂದಿತು.

"ನಂದೇ ಅಲ್ವೇನಮ್ಮ ಅದು?"

"ನಿಮ್ದೇ ಸಾರ್. ಬೀಗ ಮಾತ್ರ ಸತ್ತೋದ ಲ್ಯಾಪ್‌ಟಾಪ್ ಹೆಸರಲ್ಲೈತೆ. ತಡೀರಿ, ಖಾತೆ ಬದಲಾಯಿಸ್ತೀನಿ."

"ನಮ್ಮೂರಲ್ಲಿ ಖಾತೆ ಬದಲಾಯ್ಸೋಕೆ ವರ್ಷ ಬೇಕು ಕಣಮ್ಮ," ಎಂದರು ಶಿಕ್ಷಕಿ. ನಗಲಿಲ್ಲ.

ಹತ್ತು ನಿಮಿಷಕ್ಕೆ ಫೋಲ್ಡರ್ ತೆರೆಯಿತು. ಆ ದಿನದ ಫೋಟೊ ಒಂದೇ ಇತ್ತು: ಚಟ್ಟ ಹೊತ್ತ ನಾಲ್ವರ ಮುಖ, ಹೂವು. ಸುತ್ತಲಿನದೆಲ್ಲ ಕತ್ತರಿಸಿದ್ದೆ. ಒಂದು ಕಾಲಂಗೆ ಹೊಂದುವಷ್ಟು ಕತ್ತರಿಸಿ ಕಳಿಸುವುದು, ಮೂಲ ಅಳಿಸಿ ಜಾಗ ಉಳಿಸುವುದು ನನ್ನ ಅಭ್ಯಾಸ. ಅದನ್ನು ವೃತ್ತಿಯ ಶಿಸ್ತು ಎಂದುಕೊಂಡಿದ್ದೆ. ಶಿಕ್ಷಕಿ ತಂದೆಯ ಚಟ್ಟವನ್ನು ನೋಡಿದರು, ಆಮೇಲೆ ನನ್ನನ್ನು.

"ದಾರಿ ಎಲ್ಲಿ ಸಾರ್?"

ಉತ್ತರ ಕೊಟ್ಟದ್ದು ಅಂಗಡಿಯಾಕೆ. ಅಳಿಸಿದ್ದನ್ನು ಹುಡುಕಬಹುದು, ಆದರೆ ಇಡೀ ಡಿಸ್ಕನ್ನು ಜಾಲಾಡಬೇಕು. "ಇದಕ್ಕೆ ಉಸಿರಿರೋದೇ ಇಷ್ಟು. ಮೊದ್ಲು ನಿಮ್ ಫೈಲ್ ಕಾಪಿ ಮಾಡ್ಕೊಳ್ಳಣ ಅಂದ್ರೆ, ಅಷ್ಟರಲ್ಲಿ ಕೆಟ್ಟೋದ್ರೆ ಹುಡುಕೋಕಾಗಲ್ಲ. ಮೊದ್ಲು ಹುಡುಕಿದ್ರೆ ನಿಮ್ದೆಲ್ಲ ಹೋಗ್ಬೋದು."

ಅದರಲ್ಲಿ ಹನ್ನೊಂದು ವರ್ಷದ ವರದಿಗಳಿದ್ದವು, ಬೇರೆಲ್ಲೂ ಪ್ರತಿ ಇಲ್ಲದವು.

"ನಿಮ್ ಬರಹ ತಕ್ಕೊಳಿ ಸಾರ್," ಎಂದರು ಶಿಕ್ಷಕಿ. ಅವರ ಕೈಯಲ್ಲಿದ್ದ ಅರ್ಜಿಯ ಅಂಚು ಸುರುಳಿಯಾಗಿತ್ತು.

"ಹುಡುಕಿ," ಎಂದೆ.

ಶೇಕಡಾವಾರು ಅಂಕಿ ಏರತೊಡಗಿತು. ಮೂವತ್ತೊಂದರಲ್ಲಿ ನಿಂತಿತು. ಸದ್ದು ಒರಟಾಯಿತು. ಅಂಗಡಿಯಾಕೆ ಪುಟ್ಟ ಫ್ಯಾನನ್ನು ಡಬ್ಬಿಯತ್ತ ತಿರುಗಿಸಿ, ಹಟ ಹಿಡಿದ ಮಗುವಿಗೆ ಹೇಳುವಂತೆ ತೆಲುಗಿನಲ್ಲಿ ಪುಸಲಾಯಿಸಿದರು: "ಇಂಕ ಕೊಂಚೆಂ, ತಲ್ಲಿ." ಇನ್ನೂ ಸ್ವಲ್ಪ ತಾಯಿ, ಎಂದು. ನಾವು ಮೂವರೂ ಅಂಕಿಯನ್ನೇ ನೋಡುತ್ತಿದ್ದೆವು. ನಲವತ್ತಾರಕ್ಕೆ ಒಂದು ಚಿತ್ರ ಮೂಡಿತು. ಆಕೆ ತಕ್ಷಣ ಅದನ್ನು ತಮ್ಮ ಕಂಪ್ಯೂಟರಿಗೆ ಇಳಿಸಿಕೊಂಡರು. ಮೇಲರ್ಧ ಸರಿಯಿತ್ತು: ಆಕಾಶ, ಹುಣಸೆಮರ, ತಲೆಗಳು, ಬಲಕ್ಕೆ ಸಾಲಾಗಿ ಮೂರು ಕಲ್ಲುಗಳ ತುದಿ. ಕೆಳಗೆಲ್ಲ ಬೂದು ಬಣ್ಣ. ಕ್ಯಾಮೆರಾ ದಾಖಲಿಸಿದ ದಿನಾಂಕ ಉಳಿದಿತ್ತು.

ಐವತ್ತಕ್ಕೆ ಮುಟ್ಟುವ ಮೊದಲೇ ಡಿಸ್ಕ್ ಸದ್ದು ನಿಲ್ಲಿಸಿತು. ಮತ್ತೆ ತಿರುಗಲಿಲ್ಲ.

ಮರುದಿನ ತಹಶೀಲ್ದಾರರು ಬೇಲಿಯ ಬಳಿ ನಿಂತು ಚಿತ್ರದ ಪ್ರಿಂಟನ್ನು ಬಹಳ ಹೊತ್ತು ನೋಡಿದರು. "ನೆಲವೇ ಕಾಣಲ್ವಲ್ರೀ ಇದ್ರಲ್ಲಿ?"

"ಕಾಣಲ್ಲ ಸಾರ್. ಇಷ್ಟೇ ಉಳಿದಿರೋದು," ಎಂದೆ. ಪ್ರಿಂಟಿನ ಹಿಂದೆ ಅಷ್ಟನ್ನೇ ಬರೆದು ಸಹಿ ಹಾಕಿದೆ.

ಅವರು ಚಿತ್ರದಲ್ಲಿದ್ದ ಹುಣಸೆಮರವನ್ನೇ ಗುರುತಾಗಿಟ್ಟುಕೊಂಡು ಬೇಲಿಯ ಬುಡದಲ್ಲಿ ಅಗೆಸಿದರು. ಮೊದಲ ಗುಂಡಿಯಲ್ಲಿ ಏನೂ ಸಿಗಲಿಲ್ಲ. ಎರಡನೆಯದರಲ್ಲಿ ಗುದ್ದಲಿ ಠಣ್ ಎಂದಿತು. ಮುರಿದ ಚಪ್ಪಡಿಯ ಬುಡ, ನೆಟ್ಟ ಹಾಗೆಯೇ. ಶಿಕ್ಷಕಿ ಗುಂಡಿಯ ಬದಿಯಲ್ಲಿ ಕುಕ್ಕರುಗಾಲಲ್ಲಿ ಕುಳಿತು ಕೈಯಿಂದ ಮಣ್ಣು ಸರಿಸಿದರು. ತಹಶೀಲ್ದಾರರ ಜೊತೆ ಬಂದಿದ್ದ ಕಂದಾಯ ನಿರೀಕ್ಷಕರು ಪಂಚನಾಮೆ ಬರೆಯಲು ಶುರುಮಾಡಿದರು.