ದೊಡ್ಡಪ್ಪನ ಪಟ್ಟಿಯಲ್ಲಿದ್ದ ಲೋಕಗಳು

ಮೈದಾ ಹಿಟ್ಟಿನ ಅಂಟು ಕುದಿಯುವಾಗ ಬರುವ ವಾಸನೆ ನಿಮಗೆ ಗೊತ್ತಿರಬಹುದು. ಹಸಿ ಹಿಟ್ಟಿನ ಕಮಟು ಮೆಲ್ಲಗೆ ಕರಗಿ ಗಂಜಿಯ ಹಾಗೆ ಹಿತವಾಗುತ್ತ ಬರುತ್ತದೆ. ಹುಳು ಹಿಡಿಯದಿರಲೆಂದು ಚಿಟಿಕೆ ಮೈಲುತುತ್ತ ಹಾಕಿದರೆ ಆ ಹಿತದೊಳಗೆ ಲೋಹದಂಥ ಒಂದು ಸಣ್ಣ ಘಾಟು ಸೇರಿಕೊಳ್ಳುತ್ತದೆ. ಮೊನ್ನೆ ದೇವರಾಜ ಮೊಹಲ್ಲಾದ ಒಂದು ಗಲ್ಲಿಯಲ್ಲಿ ಹೋಗುತ್ತಿದ್ದಾಗ ಯಾವುದೋ ಅಂಗಡಿಯೊಳಗಿಂದ ಈ ವಾಸನೆ ಬಂತು. ಹೊರಟಿದ್ದ ಕೆಲಸ ಮರೆತು ನಿಂತೇಬಿಟ್ಟೆ. ಚಾಮರಾಜಪುರಂನ ನಮ್ಮ ಹಳೆಯ ಮನೆ, ಅದರ ಮುಂದಿನ ಕೋಣೆ, ಗೋಡೆಗೆ ಒರಗಿಸಿಟ್ಟ ರಟ್ಟುಗಳು, ನೆಲದ ಮೇಲೆ ಒಣಗುತ್ತಿದ್ದ ಕೆಂಪು ಕ್ಯಾಲಿಕೋ ಬಟ್ಟೆ ಹೊದಿಸಿದ ಪುಸ್ತಕಗಳು, ಅವುಗಳ ನಡುವೆ ಕಾಲು ಮಡಿಸಿ ಕೂತ ದೊಡ್ಡಪ್ಪ, ಎಲ್ಲವೂ ಒಟ್ಟಿಗೆ ಕಣ್ಣೆದುರು ಬಂದವು.

ನನ್ನ ತಂದೆಯ ಅಣ್ಣ ಬೋರೇಗೌಡರು ಆ ಕೋಣೆಯಲ್ಲೇ ಅಂಗಡಿ ಇಟ್ಟುಕೊಂಡು ಪುಸ್ತಕ ಬೈಂಡ್ ಮಾಡುತ್ತಿದ್ದರು. ನಂಜನಗೂಡಿನ ಕಡೆಯ ಹಳ್ಳಿಯಲ್ಲಿ ರಾಗಿ ಬೆಳೆಯುವ ಮನೆಯಲ್ಲಿ ಹುಟ್ಟಿ, ಏಳನೇ ತರಗತಿಗೆ ಶಾಲೆ ಬಿಟ್ಟು, ಮೈಸೂರಿನ ಒಂದು ಪ್ರೆಸ್ಸಿನಲ್ಲಿ ಕೆಲಸ ಕಲಿತವರು. ಆ ಕಾಲದಲ್ಲಿ ವಾರಪತ್ರಿಕೆಗಳ ಧಾರಾವಾಹಿಗಳನ್ನು ಪುಟಪುಟವಾಗಿ ಕಿತ್ತು ಜೋಡಿಸಿ ಬೈಂಡ್ ಮಾಡಿಸಿಕೊಳ್ಳುವುದು ಮನೆಮನೆಯ ರೂಢಿಯಾಗಿತ್ತು. ನಿಮ್ಮ ಮನೆಯ ಅಟ್ಟದ ಮೇಲೂ ಅಂಥದೊಂದು ಸಂಪುಟ ಇದ್ದಿರಬಹುದು, ಅದನ್ನು ಹೊಲಿದದ್ದು ನಮ್ಮ ದೊಡ್ಡಪ್ಪನೇ ಇದ್ದರೂ ಇರಬಹುದು. ಒಮ್ಮೆ ಒಬ್ಬರು ಮಂಗಳ ಗ್ರಹಕ್ಕೆ ಹೋಗುವವರ ಧಾರಾವಾಹಿಯೊಂದನ್ನು ತಂದುಕೊಟ್ಟರು. ಪುಟ ಜೋಡಿಸುತ್ತ ಓದತೊಡಗಿದ ದೊಡ್ಡಪ್ಪನಿಗೆ ಕೊನೆಯ ಕಂತೇ ಸಿಗಲಿಲ್ಲ. ಕೊಟ್ಟವರು ಪರವಾಗಿಲ್ಲ ಎಂದರೂ ಇವರು ಕೇಳಲಿಲ್ಲ. ನಾಲ್ಕು ಭಾನುವಾರ ರದ್ದಿ ಅಂಗಡಿಗಳನ್ನೆಲ್ಲ ತಡಕಾಡಿ, ಕೊನೆಗೆ ಕಡಲೆಕಾಯಿ ಕಟ್ಟಲು ಇಟ್ಟಿದ್ದ ಕಟ್ಟಿನೊಳಗಿಂದ ಆ ಸಂಚಿಕೆಯನ್ನು ಎಳೆದು ತಂದರು. "ಅವ್ರು ವಾಪಸ್ ಬಂದ್ರಾ ಇಲ್ವಾ ಅಂತ ತಿಳೀದೆ ಎಂಗೆ ಹೊಲಿಗೆ ಹಾಕ್ಲಿ, ಹೇಳು?" ಎಂದು ನನ್ನನ್ನೇ ಕೇಳಿದರು. ನನಗಾಗ ಹನ್ನೆರಡು ವರ್ಷ.

ಪಟ್ಟಿ ಶುರುವಾದದ್ದು ಹಾಗೆ. ಇಂಥ ಕತೆಗಳು ವಾರಕ್ಕೊಂದು ಬಂದು ರದ್ದಿಯಾಗಿ ಹೋಗುತ್ತಿವೆ, ಯಾರೂ ಬರೆದಿಡುತ್ತಿಲ್ಲ ಎನ್ನುವುದು ದೊಡ್ಡಪ್ಪನ ಸಂಕಟ. ಕತ್ತರಿಸಿ ಉಳಿದ ಕಾಗದಗಳಿಂದ ಒಂದು ಉದ್ದನೆಯ ನೋಟ್‌ಬುಕ್ ಹೊಲಿದರು. ನನ್ನ ಅಕ್ಷರ ದುಂಡಗಿತ್ತಾದ್ದರಿಂದ ಬರೆಯುವ ಕೆಲಸ ನನ್ನದಾಯಿತು. 'ಓದಲೇಬೇಕಾದ ವಿಜ್ಞಾನ ಕತೆಗಳು' ಎಂದು ಮೊದಲ ಪುಟದಲ್ಲಿ ಬರೆದೆ. ಆಮೇಲೆ ಐವತ್ತರ ದಶಕ, ಅರವತ್ತರದು, ಎಪ್ಪತ್ತರದು, ಆಗಷ್ಟೇ ಶುರುವಾಗಿದ್ದ ಎಂಬತ್ತರದು. ಹಾಗೆಂದು ಕಂಡಕಂಡ ಕತೆಗೆಲ್ಲ ಅಲ್ಲಿ ಜಾಗವಿರಲಿಲ್ಲ. ಭಾನುವಾರ ಊಟವಾದ ಮೇಲೆ ನಾನು ಗಟ್ಟಿಯಾಗಿ ಓದಬೇಕು, ದೊಡ್ಡಪ್ಪ ಮತ್ತು ದೊಡ್ಡಮ್ಮ ಇಬ್ಬರೂ ಒಪ್ಪಬೇಕು. ದೊಡ್ಡಮ್ಮನಿಗೆ ಓದು ಬರುತ್ತಿರಲಿಲ್ಲ, ಆದರೆ ಅವರನ್ನು ಒಪ್ಪಿಸುವುದೇ ಕಷ್ಟ. ಅವರೆಕಾಳು ಬಿಡಿಸುತ್ತ ಕೇಳುತ್ತಿದ್ದವರು ತಟ್ಟನೆ, "ಅಲ್ಲ ಕಣಮ್ಮ, ಆ ಲೋಕದಲ್ಲಿ ಅಡುಗೆ ಯಾರು ಮಾಡ್ತಾರಂತೆ?" ಎನ್ನುತ್ತಿದ್ದರು. ಕತೆಯಲ್ಲಿ ಉತ್ತರವಿಲ್ಲದಿದ್ದರೆ, "ಬುಡು, ಬರೆದೋನು ಅಲ್ಲಿಗೆ ಹೋಗೇ ಇಲ್ಲ" ಎಂದು ತೀರ್ಪು ಕೊಡುತ್ತಿದ್ದರು. ಎಷ್ಟೋ ರಾಕೆಟ್ಟುಗಳು ನಮ್ಮ ನಡುಮನೆಯಲ್ಲೇ ನೆಲಕಚ್ಚಿದವು.

ನಾನು ಹೈಸ್ಕೂಲಿಗೆ ಬಂದ ಮೇಲೆ, ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡುತ್ತಿದ್ದ ಮೇಷ್ಟ್ರೊಬ್ಬರು ಸೈಕ್ಲೋಸ್ಟೈಲ್ ಯಂತ್ರದಲ್ಲಿ ಪ್ರತಿ ತೆಗೆಸಿದ ಒಂದು ಹಾಳೆ ಹಿಡಿದು ಅಂಗಡಿಗೆ ಬಂದರು. ಮಾದರಿಗೆ ಪಟ್ಟಿಯ ಹಾಳೆ ತಂದಿದ್ದೇನೆ, ಕತೆಗಳ ಪರಿಚಯದ ಪುಟಗಳೂ ಬಂದ ಮೇಲೆ ಐವತ್ತು ಪ್ರತಿ ಹೊಲಿದುಕೊಡಬೇಕು ಎಂದರು. ದಶಕದಿಂದ ದಶಕಕ್ಕೆ, ವಿದ್ಯಾರ್ಥಿಗಳು ಓದಲೇಬೇಕಾದ ನೂರು ವಿಜ್ಞಾನ ಕತೆಗಳ ಪಟ್ಟಿ ಅದು. ದೊಡ್ಡಪ್ಪನ ಕಣ್ಣು ಅರಳಿತು. ಮೇಲಿನಿಂದ ಕೆಳಗೆ ಬೆರಳಿಟ್ಟು ನೋಡಿದರು. ಎಲ್ಲವೂ ಹೊರದೇಶದವು.

"ಕನ್ನಡದ್ದು ಒಂದೂ ಇಲ್ವಲ್ಲ ಮೇಷ್ಟ್ರೇ?"

"ಕನ್ನಡದಲ್ಲಿ ಎಲ್ಲಿದೆ ಗೌಡ್ರೇ ಅದೆಲ್ಲ?" ಎಂದು ಮೇಷ್ಟ್ರು ನಕ್ಕರು.

ದೊಡ್ಡಪ್ಪ ಕೈಗಂಟಿದ್ದ ಅಂಟನ್ನು ಪಂಚೆಗೆ ಒರೆಸಿಕೊಂಡು ಒಳಗೆ ಹೋಗಿ ನಮ್ಮ ನೋಟ್‌ಬುಕ್ ತಂದು ಅವರ ಕೈಗಿಟ್ಟರು. ನಿಂತೇ ಪುಟ ತಿರುವಿದ ಮೇಷ್ಟ್ರು ಸ್ವಲ್ಪ ಹೊತ್ತಿಗೆ ರಟ್ಟಿನ ಕಟ್ಟಿನ ಮೇಲೆ ಕೂತರು. ಆಮೇಲೆ ಮೂರು ದಿನ ಸಂಜೆ ಬಂದು, ದೊಡ್ಡಪ್ಪ ಕೂಡಿಟ್ಟಿದ್ದ ಪುಟಗಳನ್ನು ತೆಗೆಸಿ ಓದಿದರು. ನಾಲ್ಕನೆಯ ದಿನ, "ನನ್ನದು ತಪ್ಪಾಯ್ತು ಗೌಡ್ರೇ. ಕೊನೆಗೆ ಅನುಬಂಧ ಅಂತ ಇದನ್ನೂ ಸೇರಿಸಿಬಿಡೋಣ" ಎಂದರು. ಅವರು ಅಷ್ಟು ಹೇಳಿದ್ದೇ ದೊಡ್ಡದು ಅಂದುಕೊಂಡೆ. ದೊಡ್ಡಪ್ಪ ಮಾತ್ರ ಒಪ್ಪದೆ ತಲೆಯಾಡಿಸಿಬಿಟ್ಟರು. "ಕೊನೆಗೆ ಅಂಟಿಸೋದು ಬ್ಯಾಡ ಮೇಷ್ಟ್ರೇ. ಅಂಟಿಸಿದ ಹಾಳೆ ಉದುರಿ ಹೋಗ್ತದೆ. ಯಾವ ಪುಟ ಎಲ್ಲಿಯದೋ ಅಲ್ಲೇ ಹೊಲೀಬೇಕು." ಮೇಷ್ಟ್ರು ಒಪ್ಪಿದರು. ಆದರೆ ಪ್ರತಿ ಕತೆಗೂ ಬರೆದವರ ಪೂರ್ಣ ಹೆಸರು ಬೇಕು ಎಂದರು.

ಅಲ್ಲಿ ಒಂದು ತೊಡಕಿತ್ತು. ಎಪ್ಪತ್ತರ ದಶಕದ ಪುಟದಲ್ಲಿ ನಾವು ಎಲ್ಲಕ್ಕಿಂತ ಮೇಲೆ ಬರೆದಿದ್ದ ಕತೆಗೆ 'ಸಾವಿತ್ರಿ, ಮೈಸೂರು' ಎಂದಷ್ಟೇ ಇತ್ತು. ಟೆಲಿಫೋನ್ ಆಪರೇಟರ್ ಒಬ್ಬಳಿಗೆ ಇನ್ನೂ ಹುಟ್ಟದಿರುವವರ ಕರೆಗಳು ಬರುವ ಕತೆ ಅದು. ದೊಡ್ಡಮ್ಮ ಒಂದೂ ಪ್ರಶ್ನೆ ಕೇಳದೆ ಒಪ್ಪಿದ್ದ ಒಂದೇ ಕತೆ. "ಈಯಮ್ಮ ಆ ಕುರ್ಚಿಯಲ್ಲಿ ಕೂತು ಕೆಲಸ ಮಾಡಿರೋರೇ ಕಣಮ್ಮ. ಇಲ್ದಿದ್ರೆ ಅಂಗೆ ಬರೆಯೋಕಾಗಲ್ಲ" ಎಂದ ದೊಡ್ಡಪ್ಪ, ನನ್ನನ್ನು ಸೈಕಲ್ ಹಿಂದೆ ಕೂರಿಸಿಕೊಂಡು ಟೆಲಿಫೋನ್ ಕಚೇರಿಗೆ ಹೋದರು. ಅವರ ಊಹೆ ಸರಿಯಾಗಿತ್ತು. ಆ ಹೆಸರಿನವರು ಕೆಲಸ ಬಿಟ್ಟು ಬನ್ನಿಮಂಟಪದಲ್ಲಿದ್ದಾರೆ ಎಂದು ಯಾರೋ ಹೇಳಿದರು.

ಬಾಗಿಲು ತೆರೆದ ಹೆಂಗಸಿಗೆ ಐವತ್ತರ ಹತ್ತಿರ ವಯಸ್ಸು. ಬಂದ ವಿಷಯ ಹೇಳಿದಾಗ ಅವರು ಮೊದಲು ನಂಬಲಿಲ್ಲ. ದೊಡ್ಡಪ್ಪ ಆ ಕತೆಗೆಂದೇ ಬೇರೆಯಾಗಿ ಹೊಲಿದಿದ್ದ, ನೀಲಿ ಬಟ್ಟೆಯ ತೆಳ್ಳನೆಯ ಪುಸ್ತಕವನ್ನು ಮುಂದೆ ಹಿಡಿದರು. ಸಾವಿತ್ರಮ್ಮ ಅದನ್ನು ತೆರೆಯದೆ ತುಂಬ ಹೊತ್ತು ಮೇಲೆ ಕೈಯಾಡಿಸಿದರು. "ಇದರ ಪ್ರತಿ ನನ್ನ ಹತ್ರನೂ ಇಲ್ಲ ಕಣ್ರೀ. ಇದಾದ ಮೇಲೆ ಕಳಿಸಿದ ಕತೆ ವಾಪಸ್ ಬಂತು. ಇದನ್ನೂ ಯಾರೂ ಓದಿರಲ್ಲ ಅಂದ್ಕೊಂಡು ಬರೆಯೋದೇ ಬಿಟ್ಟೆ."

"ನಮ್ಮನೇಲಿ ಮೂರು ಸಲ ಓದಿದ್ದೀವಿ ಕಣಮ್ಮ. ಈ ಮಗೂಗೆ ಅರ್ಧ ಬಾಯಿಪಾಠ" ಎಂದರು ದೊಡ್ಡಪ್ಪ.

ಹೇಳು ನೋಡೋಣ ಎನ್ನುವಂತೆ ಸಾವಿತ್ರಮ್ಮ ನನ್ನತ್ತ ನೋಡಿದರು. ನಾನು ಮೊದಲ ಪುಟವನ್ನು ನೋಡದೆ ಒಪ್ಪಿಸಿದೆ. ಅವರು ಸೆರಗಿನಿಂದ ಕಣ್ಣೊರೆಸಿಕೊಂಡರು, ಮರುಕ್ಷಣವೇ ನಕ್ಕು, "ಒಂದು ಪದ ತಪ್ಪು. ಪ್ರಿಂಟಿನೋರು ಮಾಡಿದ ತಪ್ಪು ಅದು" ಎಂದು ಪೆನ್ಸಿಲ್ ತಂದು ಪುಸ್ತಕದಲ್ಲಿ ತಿದ್ದಿದರು. ತಮ್ಮ ಪೂರ್ಣ ಹೆಸರು ಬರೆಸಿ, ನಾವು ಹೊರಡುವಾಗ ಒಂದು ಲಕೋಟೆ ಕೊಟ್ಟರು. ಒಳಗೆ ವಾಪಸ್ ಬಂದಿದ್ದ ಆ ಎರಡನೆಯ ಕತೆಯಿತ್ತು. ಮುಂದಿನ ಭಾನುವಾರ ಅದನ್ನು ಓದಿದೆವು. ಅಚ್ಚಾಗದ ಕತೆಯೊಂದು ನಮ್ಮ ಪಟ್ಟಿಗೆ ಸೇರಿದ್ದು ಅದೊಂದೇ ಬಾರಿ.

ಮೇಷ್ಟ್ರ ಪಟ್ಟಿ ಹೊಸದಾಗಿ ಅಚ್ಚಾಯಿತು. ನಮ್ಮ ಕತೆಗಳು ಆಯಾ ದಶಕದಲ್ಲಿ, ಪರದೇಶದವುಗಳ ಪಕ್ಕದಲ್ಲಿಯೇ ಕೂತಿದ್ದವು. ಮೊದಲ ಪುಟದಲ್ಲಿ ಮೇಷ್ಟ್ರ ಹೆಸರಿನ ಜೊತೆಗೆ 'ಬೋರೇಗೌಡ, ಪುಸ್ತಕ ಬೈಂಡರ್' ಎಂದಿತ್ತು. ಐವತ್ತು ಪ್ರತಿಗಳನ್ನೂ ದೊಡ್ಡಪ್ಪ ಒಬ್ಬರೇ ಹೊಲಿದರು. ಒಂದು ಪ್ರತಿಯನ್ನು ದೊಡ್ಡಮ್ಮನ ಕೈಗೆ ಕೊಟ್ಟು, ಹೆಸರಿದ್ದ ಜಾಗದ ಮೇಲೆ ಅವರ ಬೆರಳನ್ನಿಟ್ಟು ತೋರಿಸಿದರು. ದೊಡ್ಡಮ್ಮ, "ನಂದೆಲ್ಲಿ?" ಎಂದರು. ದೊಡ್ಡಪ್ಪ ಪೆನ್ನು ನನ್ನ ಕೈಗೆ ಕೊಟ್ಟರು. ಆ ಪ್ರತಿಯಲ್ಲಿ ಇವತ್ತಿಗೂ ನನ್ನ ದುಂಡು ಅಕ್ಷರದಲ್ಲಿ 'ಮತ್ತು ಪುಟ್ಟಮ್ಮ' ಎಂದಿದೆ. ಬೀರುವಿನಲ್ಲಿ ಪದಕ ಇಟ್ಟುಕೊಂಡ ಮನೆಗಳನ್ನು ಎಷ್ಟೋ ನೋಡಿದ್ದೇನೆ. ನಮ್ಮ ಮನೆಯಲ್ಲಿದ್ದದ್ದು ಅದು.

ಇಬ್ಬರೂ ಈಗಿಲ್ಲ. ಆ ಮನೆಯೂ ಇಲ್ಲ, ಅಲ್ಲಿ ನಾಲ್ಕಂತಸ್ತಿನ ಕಟ್ಟಡ ಎದ್ದಿದೆ. ಮುಂದಿನ ಕೋಣೆಯಿದ್ದಷ್ಟು ಜಾಗದಲ್ಲಿ ಸ್ಕೂಟರುಗಳು ನಿಲ್ಲುತ್ತವೆ. ನೋಟ್‌ಬುಕ್ ಮಾತ್ರ ನನ್ನ ಬಳಿಯಿದೆ. ತೊಂಬತ್ತರ ದಶಕವನ್ನೂ ಹೊಸ ಶತಮಾನದ ದಶಕಗಳನ್ನೂ ನಾನೇ ಬರೆದಿದ್ದೇನೆ. ಪಾಠ ಹೇಳುವ ಕೆಲಸದಿಂದ ನಿವೃತ್ತಳಾದ ಮೇಲೆ ಭಾನುವಾರಗಳಂದು ಏಳೆಂಟು ಮಂದಿ ಕಾಲೇಜು ಹುಡುಗಿಯರು ಮನೆಗೆ ಬಂದು ಪಟ್ಟಿಯಲ್ಲಿರುವುದನ್ನು ಓದುತ್ತಾರೆ, ವಾದ ಮಾಡುತ್ತಾರೆ.

ಹೋದ ತಿಂಗಳು ಐವತ್ತರ ದಶಕದ್ದೊಂದನ್ನು ಓದಿದರು. ದಸರೆಯಲ್ಲಿ ಯಂತ್ರದ ಆನೆ ಅಂಬಾರಿ ಹೊರುವ ಕತೆ. ದೊಡ್ಡಪ್ಪನಿಗೆ ಪ್ರಾಣವಾಗಿದ್ದ ಕತೆ. ಮುಗಿದ ಮೇಲೆ ಒಬ್ಬಳು ಮೆಲ್ಲಗೆ, "ಬೇಜಾರು ಮಾಡ್ಕೋಬೇಡಿ ಮೇಡಂ, ಇದು ಈಗ ಪಟ್ಟಿಯಲ್ಲಿ ನಿಲ್ಲಲ್ಲ" ಎಂದಳು. ಯಾಕೆ ನಿಲ್ಲುವುದಿಲ್ಲ ಎಂದು ಒಬ್ಬೊಬ್ಬರೂ ಪುಟ ತೆರೆದು ಸಾಲು ತೋರಿಸುತ್ತ ಹೇಳಿದರು. ಒಂದು ಗಂಟೆ ನಾನು ಆ ಆನೆಯ ಪರ ವಾದಿಸಿ ಸೋತೆ. ಹನ್ನೆರಡು ವರ್ಷದ ನನ್ನ ಕೈಬರಹದ ಆ ಸಾಲಿನ ಮೇಲೆ ನಾನೇ ಗೆರೆ ಎಳೆದೆ. ಬೇಸರವಾಯಿತು, ಸುಳ್ಳು ಹೇಳಲಾರೆ. ಆದರೆ ಎದೆಯೊಳಗೆ ಹೆಮ್ಮೆಯೂ ಇತ್ತು. ಒಂದು ಕಾಲದಲ್ಲಿ ಓದದೆಯೇ, ಕನ್ನಡದಲ್ಲಿ ಇಂಥದ್ದೇ ಇಲ್ಲ ಅಂದವರಿದ್ದರು. ಈ ಹುಡುಗಿಯರು ಓದಿ ಬೇಡ ಅಂದರು.