ವಸಂತಕುಮಾರರ ಪುಕ್ಕಟೆ ವೀಣೆ

ಮಸಾಲೆ ಕಂಪನಿಯ ಸಮಾರಂಭದಲ್ಲಿ ಡೊಂಬಿವಲಿಯ ವಸಂತಕುಮಾರರು ಕಟ್ಟಿಕೊಟ್ಟ ಜಾಹೀರಾತಿನ ಹಾಡು ಮೊಳಗುತ್ತಿದ್ದಾಗ, ಅವರು ಇಂಟರ್‌ನೆಟ್ಟಿನಿಂದ ಪುಕ್ಕಟೆ ಇಳಿಸಿಕೊಂಡ ಕಂಪ್ಯೂಟರ್ ವೀಣೆಯ ನಾದದೊಳಗಿಂದ ಪರದೇಶದ ಹೆಂಗಸೊಬ್ಬಳು "ದಿಸ್ ಈಸ್ ಎ ಡೆಮೊ" ಎಂದುಬಿಟ್ಟಳು. ಅಂದಿನಿಂದ ಅವರಿಗೆ ಪ್ರತಿ ತಂತಿಯಲ್ಲೂ ಕೋರ್ಟಿನ ಕರೆ ಕೇಳಿಸುತ್ತದೆ. "ಫ್ರೀ ಅಂತ ಬರೆದಿದ್ದಾರೆ ಮಾರಾಯ್ರೆ, ಮಾರಬಹುದು ಅಂತ ಬರೆದಿಲ್ಲ" ಎಂದು ಲೋಕಲ್ ರೈಲಿನಲ್ಲಿ ಸಿಕ್ಕಸಿಕ್ಕವರೊಡನೆ ಗೋಳಾಡುತ್ತಾರೆ. ಎದುರಿಗಿರುವವರು ವಕೀಲರೆಂದು ಗೊತ್ತಾದರೆ ಥಾಣೆ ನಿಲ್ದಾಣದವರೆಗೆ ಸೀಟನ್ನೇ ಬಿಟ್ಟುಕೊಡುತ್ತಾರೆ. ಆ ವೀಣೆಯ ಜರ್ಮನ್ ಒಡೆಯನಿಗೆ ಒಪ್ಪಿಗೆ ಬೇಡಿ ಮೇಲ್ ಮೇಲೆ ಮೇಲ್ ಹಾಕುತ್ತಾರೆ. ಉತ್ತರ ಬರುವವರೆಗೆ ಹೊಸ ಹಾಡು ಮಾರಲು ಧೈರ್ಯವಿಲ್ಲ. ಮೇಲ್ ಹಾಕುವ ಕಂಪ್ಯೂಟರಿನ ಪಕ್ಕದಲ್ಲೇ ಹೆಂಡತಿ ಜಯಲತಾರ ವೀಣೆ, ಮದುವೆಯಾದ ವರ್ಷ ತೊಡಿಸಿದ ಗವಸಿನಲ್ಲಿ, ಗೋಡೆಗೊರಗಿ ನಿಂತಿದೆ. "ಇದನ್ನೇ ನುಡಿಸಿಕೊಡಿ ಅಂತ ನಿಮ್ಮ ಮನೆಯವರನ್ನು ಕೇಳಬಾರದಾ?" ಎಂದರು ಮನೆಗೆ ಬಂದ ನೆರೆಯವರು. ವಸಂತಕುಮಾರರು ಅಡುಗೆಮನೆಯತ್ತ ನೋಡಿ ದನಿ ತಗ್ಗಿಸಿದರು: "ಜರ್ಮನಿಯವ ಉತ್ತರ ಕೊಡುವುದಿಲ್ಲ, ಅಷ್ಟೆ. ಇವಳು ಕೊಡ್ತಾಳೆ."