ಎಡಗಡೆಯ ಸ್ಪೀಕರಿನ ಜಾಗ

ಸಂಜೆ ಬೇಗನೇ ಕತ್ತಲಾಗತೊಡಗಿದ್ದ ದಿನಗಳು ಅವು. ಜರ್ಮನಿಯ ಸೇಂಟ್ ಲಿಯೋನ್-ರೋಟ್‌ನ ಮೂರನೇ ಮಹಡಿಯ ಬಾಡಿಗೆ ಮನೆ, ಅಪ್ಪ, ಅಮ್ಮ, ಒಬ್ಬಳೇ ಮಗಳು ನಾನು. ನನಗೆ ಹನ್ನೆರಡು ವರ್ಷ. ಶಾಲೆಯ ಚರ್ಚಾಕೂಟಕ್ಕೆ ಆಗಷ್ಟೇ ಸೇರಿದ್ದೆ. ಹಾಗಾಗಿ ಆ ಶರತ್ಕಾಲದಲ್ಲಿ ನನ್ನ ಪ್ರತಿ ವಾಕ್ಯವೂ ‘ಆಬರ್’ ಎಂದೇ ಶುರುವಾಗುತ್ತಿತ್ತು. ಜರ್ಮನ್‌ನಲ್ಲಿ ಹಾಗೆಂದರೆ ‘ಆದರೆ’. ಅಪ್ಪ ನನ್ನನ್ನು ವಕೀಲರೇ ಎಂದು ಕರೆಯತೊಡಗಿದ್ದು ಆಗಲೇ.

ಬಾಲ್ಯ ಎಂದರೆ ಎಲ್ಲರೂ ಮಾವಿನಮರ, ಬುಗುರಿ, ಕೆರೆ ಎನ್ನುತ್ತಾರೆ. ಅವೆಲ್ಲ ನನಗೆ ಸಿಗಲಿಲ್ಲ. ಸಿಗದಿದ್ದುದಕ್ಕೆ ಹಂಬಲಿಸುವುದು ಅಪ್ರಾಮಾಣಿಕತೆ ಎಂದೇ ನನ್ನ ವಾದ. ನನ್ನ ಬಾಲ್ಯಕ್ಕೆ ಅಂಟಿನ ವಾಸನೆ. ಬಿಸಿ ಹೀಟರಿನ ಮೇಲೆ ಕೂತ ತೆಂಗಿನೆಣ್ಣೆ ಬಾಟಲಿಯ ವಾಸನೆ. ಮತ್ತೆ ಒಂದು ಮೂಲೆ.

ಆ ಮೂಲೆ ನಮ್ಮ ಹಾಲ್‌ನ ಈಶಾನ್ಯದ್ದು. ಅಲ್ಲಿ ಮೊಣಕಾಲೆತ್ತರದ ಬಿಳಿ ಕಪಾಟು, ಅದರ ಮೇಲೆ ಉಡುಪಿಯಿಂದ ಬಟ್ಟೆಯಲ್ಲಿ ಸುತ್ತಿ ತಂದ ದೇವರುಗಳು, ಒಂದು ಪುಟ್ಟ ಹಿತ್ತಾಳೆ ದೀಪ. ಊದುಬತ್ತಿ ಇರಲಿಲ್ಲ. ಮೊದಲ ವರ್ಷ ಹಚ್ಚಿದ್ದಕ್ಕೆ ಚಾವಣಿಯ ಹೊಗೆ ಅಲಾರಾಂ ಕಟ್ಟಡವನ್ನೇ ಎಬ್ಬಿಸಿತ್ತು. ಸಂಜೆ ಅಮ್ಮ ಹೀಟರಿನ ಮೇಲಿಟ್ಟು ಕರಗಿಸಿದ ಎಣ್ಣೆಯನ್ನು ದೀಪಕ್ಕೆ ಹೊಯ್ದು, ಚಾಪೆ ಹಾಸಿ ಕೂತು, ಅಜ್ಜಿಯಿಂದ ಕಲಿತ ಭಜನೆಗಳನ್ನು ಹೇಳುತ್ತಿದ್ದಳು. ಊರಲ್ಲಾದರೆ ತಾಳ ಇರುತ್ತಿತ್ತು. ಇಲ್ಲಿ ಕೆಳಗಿನ ಮನೆಯ ಜರ್ಮನ್ ಹೆಂಗಸು ಫ್ರಾವ್ ಕೆಸ್ಲರ್ ದೂರು ಕೊಟ್ಟಾಳೆಂಬ ಹೆದರಿಕೆಯಿಂದ ತೊಡೆಯ ಮೇಲೆಯೇ ತಾಳ. ನಾನು ಸೋಫಾದಲ್ಲಿ ಲೆಕ್ಕ ಮಾಡುತ್ತಿದ್ದೆ. ಕೇಳುತ್ತಿದ್ದೆ ಎಂದರೆ ಸುಳ್ಳು. ಫ್ರಿಜ್ಜಿನ ಸದ್ದನ್ನು ಯಾರಾದರೂ ಕೇಳುತ್ತಾರೆಯೇ?

ಅಕ್ಟೋಬರಿನ ಒಂದು ಸಂಜೆ ಅಪ್ಪ ಆಫೀಸಿನಿಂದ ಸೈಕಲ್ ತಳ್ಳಿಕೊಂಡು ಬಂದರು. ಕ್ಯಾರಿಯರ್ ಮೇಲೆ ಒಂದು ಭಾರೀ ಮರದ ಪೆಟ್ಟಿಗೆ, ಹಗ್ಗದಿಂದ ಬಿಗಿದದ್ದು. ಇನ್ನೊಂದನ್ನು ತರಲು ಮತ್ತೆ ಹೋದರು. ಯಾರದೋ ಮನೆಯೆದುರು ಫುಟ್‌ಪಾತಿನಲ್ಲಿ ‘ಬೇಕಾದವರು ಒಯ್ಯಿರಿ’ ಎಂದು ಚೀಟಿ ಅಂಟಿಸಿ ಇಟ್ಟಿದ್ದ ಸ್ಪೀಕರುಗಳು.

“ಎಂತ ಮಾರಾಯ್ರೆ, ರಸ್ತೆಯಲ್ಲಿ ಬಿಸಾಡಿದ್ದನ್ನೆಲ್ಲ ಮನೆಗೆ ತರ್ಲಿಕ್ಕುಂಟಾ?” ಎಂದಳು ಅಮ್ಮ.

“ಬಿಸಾಡಿದ್ದಲ್ಲ, ಇಟ್ಟದ್ದು. ಮುಟ್ಟಿ ನೋಡು, ಗಟ್ಟಿ ಮರ.”

“ಗಟ್ಟಿ ಮರ ಹಾಡ್ತದಾ?”

ಅಪ್ಪನಿಗೆ ಒಂದು ಹಳೆಯ ಆಸೆ ಇತ್ತು. ಇಂಜಿನಿಯರಿಂಗ್ ಹಾಸ್ಟೆಲಿನಲ್ಲಿ ಪಕ್ಕದ ಕೋಣೆಯವನ ಬಳಿ ಒಳ್ಳೆಯ ಸ್ಟೀರಿಯೊ ಇತ್ತಂತೆ. ನಾಲ್ಕು ವರ್ಷ ಅಪ್ಪ ಅದನ್ನು ಗೋಡೆಗೆ ಕಿವಿಯಿಟ್ಟು ಕೇಳಿದ್ದರಂತೆ. “ಗೋಡೆಯ ಈಚೆಗೆ ಬರೀ ದುಡುಂ ದುಡುಂ. ಹಾಡಿನವಳ ದನಿ ಆ ಕಡೆಯೇ ಉಳೀತಿತ್ತು” ಎನ್ನುತ್ತಿದ್ದರು. ಅಂಗಡಿಯ ಹೊಸ ಸೆಟ್ಟಿನ ಬೆಲೆ ಕೇಳಿ ಎರಡು ಸಲ ಬರಿಗೈಯಲ್ಲಿ ಬಂದಿದ್ದರು. ಈಗ ಸಂತೆಯಲ್ಲಿ ಸಿಕ್ಕ ಹಳೇ ಆಂಪ್ಲಿಫೈಯರ್, ರಸ್ತೆಯಲ್ಲಿ ಸಿಕ್ಕ ಸ್ಪೀಕರ್. ಉಳಿದದ್ದು ಕೈಕೆಲಸ.

ಎರಡು ವಾರದ ಶರತ್ಕಾಲದ ರಜೆಯೆಲ್ಲ ಆ ಕೈಕೆಲಸಕ್ಕೇ ಹೋಯಿತು. ಸ್ಪೀಕರಿನೊಳಗೆ ಅದುರುವ ಕಾಗದದ ಕೋನಿನ ಸುತ್ತ ಇರಬೇಕಾದ ಸ್ಪಂಜಿನ ಬಳೆ ಮುಟ್ಟಿದರೆ ಪುಡಿಯಾಗುತ್ತಿತ್ತು. ಅಪ್ಪ ಹೊಸ ಬಳೆ ತರಿಸಿದರು. ನಾನು ಬ್ರಷ್ ಹಿಡಿದು ಅಂಟು ಬಳಿದೆ. ಅಡುಗೆಮನೆಯಿಂದ ಅಮ್ಮ ಗೋಳಿಬಜೆ ಕಳಿಸುತ್ತಿದ್ದಳು. ಮೊಸರು ಇಲ್ಲಿಯದು, ಹುಳಿ ಸಾಲದು, ಅದಕ್ಕೆ ನಿಂಬೆರಸ ಹಿಂಡಿದ್ದು. ಅಂಟು ಹತ್ತಿದ ಬೆರಳಲ್ಲೇ ತಿನ್ನುತ್ತಿದ್ದೆವು. ಸ್ಪೀಕರಿಗೆ ಸ್ಟ್ಯಾಂಡ್ ಬೇಕಿತ್ತು. ಸೋಡಾ ನೀರಿನ ಖಾಲಿ ಕ್ರೇಟುಗಳನ್ನು ಬೋರಲು ಹಾಕಿ ಮೇಲೆ ಅಂಗಳಕ್ಕೆ ಹಾಸುವ ಕಲ್ಲಿಟ್ಟೆವು. ಹಾಲ್‌ನಲ್ಲಿ ದನಿ ಮಾರ್ದನಿಸುತ್ತಿತ್ತು. ಹಿಂದಿನ ಗೋಡೆಗೆ ಅಮ್ಮನ ಹಳೇ ಸೀರೆಗಳ ದಪ್ಪ ಹೊದಿಕೆಯೊಂದನ್ನು ತೂಗುಹಾಕಿದೆವು. ಪ್ರತಿ ಸಲವೂ ದನಿ ಒಂದಿಷ್ಟು ತಿಳಿಯಾಗುತ್ತಿತ್ತು. ಹೊದಿಕೆ ತೆಗೆದು ಕೇಳುವುದು, ಹಾಕಿ ಕೇಳುವುದು. ನಂಬಬೇಡ, ಪರೀಕ್ಷಿಸು: ಚರ್ಚಾಕೂಟದವರಿಗಿಂತ ಮೊದಲು ನನಗಿದನ್ನು ಕಲಿಸಿದವರು ಅಪ್ಪ.

ಒಂದೇ ಒಂದು ದೋಷ ಉಳಿಯಿತು. ಎರಡು ಸ್ಪೀಕರೂ ಕೇಳುವವನಿಂದ ಒಂದೇ ದೂರದಲ್ಲಿದ್ದರೆ ಹಾಡುವವಳ ದನಿ ಎರಡರ ನಡುವೆ, ಏನೂ ಇಲ್ಲದ ಗಾಳಿಯಲ್ಲಿ, ನಿಂತ ಹಾಗೆ ಕೇಳಬೇಕು. ನಮ್ಮದು ಹಾಗೆ ನಿಲ್ಲಲಿಲ್ಲ. ಒಂದು ಗೋಡೆಗೆ ಬಾಲ್ಕನಿ ಬಾಗಿಲು, ಇನ್ನೊಂದಕ್ಕೆ ಹೀಟರು, ಮತ್ತೊಂದಕ್ಕೆ ಅಲುಗಿಸಲಾಗದ ಸೋಫಾ. ಸ್ಪೀಕರಿಗೆ ಉಳಿದದ್ದು ಪೂರ್ವದ ಗೋಡೆ ಮಾತ್ರ. ಅದರ ಎಡತುದಿಯಲ್ಲಿ ದೇವರ ಕಪಾಟು. ಎಡಗಡೆಯ ಸ್ಪೀಕರು ಅದರ ಮುಂದೆ ಬಂದು ನಿಂತಿತ್ತು. ಅಪ್ಪ ಟೇಪು ಹಿಡಿದು ಅಳೆದರು. ನಲವತ್ತು ಸೆಂಟಿಮೀಟರ್ ಹೆಚ್ಚು ಮುಂದಿತ್ತು. ದನಿ ಎಡಕ್ಕೆ ವಾಲುತ್ತಿತ್ತು.

“ಹಾಡುತ್ತಾ ಹಾಡುತ್ತಾ ದೇವರಿಗೆ ಕೈಮುಗಿಲಿಕ್ಕೆ ಹೊರಟ ಹಾಗೆ ಉಂಟು” ಎಂದರು ಅಪ್ಪ, ನಗುತ್ತಾ. ನಗು ಬೇಗ ಆರಿತು. ಅಮ್ಮನ ಬಳಿ ಕೇಳುವ ಧೈರ್ಯ ಅವರಿಗಿರಲಿಲ್ಲ. “ಇರ್ಲಿ ಬಿಡು. ಇಷ್ಟಾದ್ರೂ ಆಯ್ತಲ್ಲ” ಎಂದು ಟೇಪು ಸುತ್ತಿದರು.

ಅವರ ಮುಖ ನೋಡಿ ನಾನು ಕೇಸು ಕೈಗೆತ್ತಿಕೊಂಡೆ.

ಅಮ್ಮ ಬತ್ತಿ ಹೊಸೆಯುತ್ತಿದ್ದಳು. ಕೂಟದಲ್ಲಿ ಕಲಿಸಿದ ಹಾಗೆ ಮೊದಲು ಎದುರಾಳಿಯಿಂದ ಒಪ್ಪಿಗೆ ಪಡೆಯುವ ಪ್ರಶ್ನೆ.

“ಅಮ್ಮ, ದೇವರು ಎಲ್ಲ ಕಡೆ ಇದ್ದಾನಾ?”

“ಇದ್ದಾನಪ್ಪ. ಎಂತಕ್ಕೆ?”

“ಹೊರಗೆ ಪ್ಯಾಸೇಜಿನ ಕಪಾಟಿನಲ್ಲಿಯೂ?”

ಅಮ್ಮ ತಲೆಯೆತ್ತಿದಳು. “ವ್ಯಾಕ್ಯೂಮ್ ಕ್ಲೀನರ್ ಇಡುವ ಕಪಾಟಾ?”

“ಅದನ್ನು ಬೇರೆ ಕಡೆ ಇಡುವ. ಇದ್ದಾನಾ ಇಲ್ವಾ ಹೇಳು.”

“ಇದ್ದಾನೆ. ಆದ್ರೂ ಅದಕ್ಕೊಂದು ದಿಕ್ಕು ಅಂತ ಉಂಟಲ್ಲ ಮಗಾ.”

“ಆಬರ್ ಎಲ್ಲ ಕಡೆ ಇರುವವನಿಗೆ ದಿಕ್ಕು ಯಾಕೆ? ಸ್ಪೀಕರಿಗೆ ದಿಕ್ಕು ಬೇಕು, ಅದು ಎಲ್ಲ ಕಡೆ ಇಲ್ಲ. ಹಾಗಾದರೆ ಆ ಮೂಲೆ ಯಾರಿಗೆ ಹೆಚ್ಚು ಬೇಕಾದ್ದು?”

ಅಪ್ಪ ಬಾಗಿಲಲ್ಲಿ ನಿಂತು, “ಬಿಡು ವಕೀಲರೇ” ಎಂದರು. ಬಿಡಬೇಡ ಎಂಬ ದನಿಯಲ್ಲಿ. ಅಮ್ಮ ಇಬ್ಬರನ್ನೂ ನೋಡಿದಳು. ಕೈಯಲ್ಲಿದ್ದ ಬತ್ತಿಯನ್ನು ಹೊಸೆದು ಮುಗಿಸಿದಳು.

“ಮಾತಲ್ಲಿ ನಿನ್ನನ್ನು ಗೆಲ್ಲುವವರು ಯಾರು? ಆಯ್ತು, ಇಡುವ. ಚಪ್ಪಲಿ ಸ್ಟ್ಯಾಂಡನ್ನು ಸ್ವಲ್ಪ ಆಚೆ ಸರಿಸಿ ಮತ್ತೆ.”

ಶಾಲೆಯ ಹೊರಗೆ ನಾನು ಗೆದ್ದ ಮೊದಲ ವಾದ ಅದು. ಸರಿಸಲು ಪ್ಯಾಸೇಜಿನಲ್ಲಿ ಆಚೆ ಎಂಬುದೇ ಇರಲಿಲ್ಲ. ಚಪ್ಪಲಿ ಸ್ಟ್ಯಾಂಡು ಒಂದು ಗೇಣು ಸರಿಯಿತು, ಅಷ್ಟೆ.

ಮರುದಿನ ದೇವರುಗಳು ಪ್ಯಾಸೇಜಿನ ಕಪಾಟಿಗೆ ಹೋದರು, ಎಡಗಡೆಯ ಸ್ಪೀಕರು ಮೂಲೆಗೆ ಹೋಯಿತು. ಅಪ್ಪ ಊರಿಂದ ತಂದಿದ್ದ ಭಾವಗೀತೆಯ ಸಿ.ಡಿ. ಹಾಕಿದರು. ಇಲ್ಲಿ ನಾನು ಸುಳ್ಳು ಹೇಳಲಾರೆ, ಹೇಳಿದರೆ ನನ್ನ ಈಗಿನ ಪಶ್ಚಾತ್ತಾಪ ಅಗ್ಗವಾಗುತ್ತದೆ. ಆ ದನಿ ಅದ್ಭುತವಾಗಿತ್ತು. ಟಿ.ವಿ. ಮೇಜಿನ ಮೇಲೆ, ಗಾಳಿಯಲ್ಲಿ, ಒಬ್ಬ ಹೆಂಗಸು ನಿಂತಿದ್ದಳು. ಸಾಲು ಶುರುಮಾಡುವ ಮೊದಲು ಅವಳು ಉಸಿರೆಳೆದದ್ದು ಕೇಳಿಸಿತು. ಅಪ್ಪ ಕನ್ನಡಕ ತೆಗೆದು ಅಂಗಿಯಲ್ಲಿ ಒರೆಸಿ, ಹಾಕದೆ ಹಾಗೆಯೇ ಹಿಡಿದುಕೊಂಡರು. ಗೋಡೆಯ ಆ ಕಡೆ ಉಳಿದವಳು ಕೊನೆಗೂ ಈಚೆ ಬಂದಿದ್ದಳು. ಅಮ್ಮ ಸೆರಗಿಗೆ ಕೈ ಒರೆಸಿಕೊಂಡು ಬಂದು ನಿಂತಳು.

“ಹೌದು ಮಾರಾಯ್ರೆ, ಎದುರಲ್ಲೇ ಇದ್ದ ಹಾಗೆ ಕೇಳ್ತದೆ” ಎಂದಳು. ಅವಳೂ ಸುಳ್ಳು ಹೇಳಲಿಲ್ಲ.

ಅಂದು ಕತ್ತಲಾದದ್ದು ಯಾರಿಗೂ ಗೊತ್ತಾಗಲಿಲ್ಲ. ಭಜನೆ ಆಗಲಿಲ್ಲ ಎಂಬುದೂ ಗೊತ್ತಾಗಲಿಲ್ಲ. ಮರುದಿನವೂ ಗೊತ್ತಾಗಲಿಲ್ಲ.

ನನಗೆ ಗೊತ್ತಾದದ್ದು ಡಿಸೆಂಬರಿನಲ್ಲಿ, ನೆಲಮಾಳಿಗೆಯ ಬಟ್ಟೆ ಒಗೆಯುವ ಕೋಣೆಯಲ್ಲಿ. ಫ್ರಾವ್ ಕೆಸ್ಲರ್ ಹಾಸಿಗೆ ಬಟ್ಟೆ ಮಡಚುತ್ತಿದ್ದಳು. ನನ್ನನ್ನು ಕರೆದಳು. ಸ್ಪೀಕರಿನ ದೂರು ಬಂತು ಎಂದುಕೊಂಡು ನಾನು ಮನಸ್ಸಿನಲ್ಲೇ ಮೂರು ಸಮರ್ಥನೆ ಸಿದ್ಧಮಾಡಿದೆ. ಅವಳು ಜರ್ಮನ್‌ನಲ್ಲಿ ಮೆಲ್ಲಗೆ ಕೇಳಿದಳು:

“ನಿನ್ನ ಅಮ್ಮನಿಗೆ ಹುಷಾರಿಲ್ಲವಾ?”

“ಹುಷಾರಾಗಿದ್ದಾಳಲ್ಲ. ಯಾಕೆ?”

“ಸಂಜೆ ಹಾಡುತ್ತಿದ್ದಳಲ್ಲ. ಈಗ ಕೇಳುವುದೇ ಇಲ್ಲ. ಅದನ್ನು ಕೇಳಲೆಂದೇ ಆ ಹೊತ್ತಿಗೆ ನಾನು ಟಿ.ವಿ. ಆರಿಸುತ್ತಿದ್ದೆ.”

ಮೂರೂ ಸಮರ್ಥನೆಗಳು ನಿರುದ್ಯೋಗಿಗಳಾದವು. ಮೆಟ್ಟಿಲು ಹತ್ತಿ ಬಂದು ಅಮ್ಮನನ್ನು ಕೇಳಿದೆ. ಅವಳು ಪ್ಯಾಸೇಜಿನಲ್ಲಿ ಕಪಾಟಿನ ಬಾಗಿಲು ತೆರೆದು ನಿಂತಿದ್ದಳು. ದೀಪ ಹಚ್ಚಿ, ಎರಡು ನಿಮಿಷ ಕೈಮುಗಿದು, ಬೆಂಕಿಯ ಭಯಕ್ಕೆ ಆರಿಸುತ್ತಿದ್ದಳು.

“ನೀನ್ಯಾಕೆ ಹಾಡುವುದಿಲ್ಲ ಈಗ?”

“ಹಾಡ್ತೇನಲ್ಲ, ಮನಸ್ಸಲ್ಲಿ.”

“ಬಾಯಲ್ಲಿ ಯಾಕಿಲ್ಲ?”

ಅಮ್ಮ ಕೆಳಗೆ ನೋಡಿದಳು. ನಾನೂ ನೋಡಿದೆ. ನನ್ನ ಹಿಮದ ಬೂಟು, ಅಪ್ಪನ ಒದ್ದೆ ಶೂ. “ಇಷ್ಟೆಲ್ಲ ಚಪ್ಪಲಿ ಎದುರು ನಿಂತ್ಕೊಂಡು ಬಾಯಿ ಬರುದಿಲ್ಲ ಮಗಾ. ಕೂತ್ಕೊಳ್ಳಿಕ್ಕೂ ಜಾಗ ಇಲ್ಲ. ಒಳಗೆ ಅಪ್ಪ ಕೇಳ್ತಾ ಇರ್ತಾರೆ, ಅವರಿಗೂ ಅಡ್ಡ. ಇರ್ಲಿ, ಎಂತ ಆಗುದಿಲ್ಲ.”

ಆಗ ನಾನು ಮಾಡಬೇಕಾದ್ದು ಸರಳವಿತ್ತು. ಒಳಗೆ ಹೋಗಿ ಅಪ್ಪನಿಗೆ ಹೇಳಬೇಕಿತ್ತು. ಹೇಳಿದ್ದರೆ ಅವರು ಅಂದೇ ಸ್ಪೀಕರು ಎತ್ತಿಡುತ್ತಿದ್ದರು. ಆದರೆ ಗೆದ್ದ ವಾದವನ್ನು ಗೆದ್ದವರೇ ಹಿಂತೆಗೆದುಕೊಳ್ಳುವುದು ಹೇಗೆಂದು ನಮ್ಮ ಕೂಟದಲ್ಲಿ ಕಲಿಸಿರಲಿಲ್ಲ. ಬೂಟುಗಳನ್ನು ಜೋಡಿಸಿಟ್ಟು ಹೋಮ್‌ವರ್ಕಿಗೆ ಕೂತೆ. ಒಳಗೆ ಆ ಹೆಂಗಸು ಸರಿಯಾಗಿ ನಡುವೆ ನಿಂತು ಹಾಡುತ್ತಿದ್ದಳು.

ಈಗ ಆ ಸ್ಪೀಕರುಗಳಿಲ್ಲ. ಅಪ್ಪ ಕಿವಿಗೆ ಸಣ್ಣ ಗುಂಡಿಗಳನ್ನು ಸಿಕ್ಕಿಸಿಕೊಂಡು ಫೋನಿನಲ್ಲಿ ಕೇಳುತ್ತಾರೆ. ಮನೆಯಿಂದಲೇ ಕೆಲಸ ಶುರುವಾದ ಮೇಲೆ ಈಶಾನ್ಯ ಮೂಲೆಗೆ ಅವರ ಮೇಜು, ಪ್ರಿಂಟರು ಬಂದಿವೆ. ಫ್ರಾವ್ ಕೆಸ್ಲರ್ ಮಗಳ ಊರಿಗೆ ಹೋದಳು. ಕಳೆದ ಚಳಿಗಾಲದ ರಜೆಯಲ್ಲಿ ಮನೆಗೆ ಹೋದಾಗ ನಾನು ಧೈರ್ಯ ಮಾಡಿ, ದೇವರನ್ನು ಮತ್ತೆ ಆ ಮೂಲೆಯಲ್ಲಿ ಇಡೋಣ, ಪ್ರಿಂಟರನ್ನು ನಾನು ಎತ್ತುತ್ತೇನೆ ಎಂದೆ.

“ಈಗ ಎಂತಕ್ಕೆ? ದೇವರಿಗೆ ಪ್ಯಾಸೇಜಿನಲ್ಲಿಯೇ ಅಭ್ಯಾಸ ಆಗಿದೆ” ಎಂದಳು ಅಮ್ಮ. “ನೀನೇ ಹೇಳಿದ್ದಲ್ವಾ, ಎಲ್ಲ ಕಡೆ ಇರ್ತಾನೆ ಅಂತ.”

ಚುಚ್ಚಿ ಹೇಳಿದ್ದಲ್ಲ. ಅವಳು ಅದನ್ನು ನಿಜಕ್ಕೂ ಒಪ್ಪಿಕೊಂಡಿದ್ದಳು, ಅಷ್ಟು ಚೆನ್ನಾಗಿ ವಾದಿಸಿದ್ದೆ. ಹಾಗಾದರೆ ಒಂದು ಭಜನೆಯಾದರೂ ಹೇಳು ಎಂದೆ. ಈರುಳ್ಳಿ ಹೆಚ್ಚುತ್ತಾ ಒಂದು ಸಾಲು ಹೇಳಿದಳು, ತೊಡೆಯ ಮೇಲೆ ತಾಳವಿಲ್ಲದೆ. ಅಲ್ಲಿಗೇ ನಿಲ್ಲಿಸಿದಳು. “ಮುಂದಿನದ್ದು ಎಂತ ಇತ್ತು? ಬರುದಿಲ್ಲ. ನಿನಗೆ ನೆನಪುಂಟಾ?”

ನೆನಪಿಲ್ಲ. ಸೋಫಾದಲ್ಲಿ ಕೂತು ಸಾವಿರ ಸಂಜೆ ಕೇಳದೆ ಇದ್ದದ್ದು ನಾನು. ಅಜ್ಜಿ ಈಗಿಲ್ಲ, ಕೇಳಲು ಬೇರೆ ಯಾರೂ ಇಲ್ಲ.

ನಾನು ಈಗ ಹ್ಯಾನೋವರ್‌ನಲ್ಲಿ ಓದುತ್ತಿದ್ದೇನೆ, ಒಂದು ಕೋಣೆಯ ಮನೆ. ಯಾರೋ ಖಾಲಿ ಮಾಡಿಕೊಂಡು ಹೋಗುವಾಗ ಬಿಟ್ಟ ಸ್ಪೀಕರುಗಳು, ಬೋರಲು ಹಾಕಿದ ಕ್ರೇಟುಗಳು, ಗೋಡೆಗೆ ಅದೇ ಸೀರೆಗಳ ಹೊದಿಕೆ. ದೇವರನ್ನು ನಾನು ಆಗಲೂ ನಂಬಿರಲಿಲ್ಲ, ಈಗಲೂ ನಂಬುವುದಿಲ್ಲ. ಈಶಾನ್ಯದ ಬಗ್ಗೆ ನನ್ನ ನಿಲುವು ಬದಲಾಗಿಲ್ಲ, ಯಾರು ಬೇಕಾದರೂ ಬಂದು ವಾದಿಸಲಿ.

ಮೊನ್ನೆ ಬಂದ ಗೆಳೆಯ ಹಾಡು ಕೇಳಿ, ಎದ್ದು, ಟೇಪು ಕೇಳಿ ಇಸಿದುಕೊಂಡು ಅಳೆದ. ಮೈಸೂರಿನವನು, ಇಂಥದ್ದರಲ್ಲಿ ಚುರುಕು. “ನಿನ್ನ ಎಡಗಡೆ ಸ್ಪೀಕರು ನಲವತ್ತು ಸೆಂಟಿಮೀಟರ್ ಮುಂದಿದೆ ಕಣೇ. ಮೂಲೆ ಖಾಲಿ ಇದ್ಯಲ್ಲ, ಹಿಂದಕ್ಕೆ ತಳ್ಳಬಾರ್ದಾ?”

ನಾನು ಟೇಪು ವಾಪಸು ತೆಗೆದುಕೊಂಡು ಸುತ್ತಿಟ್ಟೆ. ಆ ಮೂಲೆಯಲ್ಲಿ ಏನೂ ಇಲ್ಲ. ಅದು ಯಾವ ದಿಕ್ಕೆಂದು ನಾನು ನೋಡಿಯೂ ಇಲ್ಲ. ಒಬ್ಬರು ಚಾಪೆ ಹಾಸಿ ಕೂರುವಷ್ಟು ಜಾಗ ಇದೆ. ಸಂಜೆ ಕಣ್ಣು ಮುಚ್ಚಿ ಕೂತರೆ ಹಾಡುವವಳ ದನಿ ಒಂದಿಷ್ಟು ಎಡಕ್ಕೆ ವಾಲುತ್ತದೆ. ವಾಲಲಿ ಎಂದು ಬಿಟ್ಟಿದ್ದೇನೆ.